ಅಪ್ಪ ಒಪ್ಪದ ಹುಡುಗನ ಜೊತೆ ಹೋದರೆ ತೋಟದ ಪಾಲು ಕೈತಪ್ಪುತ್ತದೆಯೇ?

ತೀರ್ಥಹಳ್ಳಿ ಕಡೆಯ ದೊಡ್ಡ ತೋಟದ ಮನೆಯವರು ನೀವು, ಹುಡುಗ ಬೇರೆ ಜಾತಿಯವನು, ಮನೆ ಬಿಟ್ಟು ಹೋದರೆ ಒಂದು ಅಡಿಕೆ ಮರವೂ ಸಿಗದು ಎಂದು ತಂದೆ ಹೇಳಿದ್ದಾರೆ. ಅವರ ಮಾತು ಅರ್ಧ ಮಾತ್ರ ನಿಜ. ಸ್ವಂತ ದುಡಿಮೆಯ ಜಮೀನನ್ನೂ ಪಿತ್ರಾರ್ಜಿತದಲ್ಲಿ ತಮಗೆ ಬರುವ ಪಾಲನ್ನೂ ಅವರು ಯಾರ ಹೆಸರಿಗಾದರೂ ಉಯಿಲು ಬರೆಯಬಹುದು. ಪಿತ್ರಾರ್ಜಿತದಲ್ಲಿ ನಿಮಗಿರುವ ಪಾಲು ಹುಟ್ಟಿನಿಂದ ಬಂದದ್ದು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಅದನ್ನು ಕೊಟ್ಟಿತು, 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಗಟ್ಟಿ ಮಾಡಿತು. ಯಾರನ್ನು ಮದುವೆಯಾದಿರಿ ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ.

ನಮ್ಮ ಚಿಕ್ಕಮ್ಮ ಎಂಬತ್ತರ ದಶಕದ ಕೊನೆಯಲ್ಲಿ ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದವರ ಜೊತೆ ಹೋದವರು. ಅಜ್ಜಯ್ಯ ಊರಿಗೆಲ್ಲ ಮಣೆ ಹಾಕುತ್ತಿದ್ದ ಮನುಷ್ಯ. ಮಗಳು ತಮ್ಮ ಪಾಲಿಗೆ ಸತ್ತಳೆಂದು ಎಳ್ಳುನೀರು ಬಿಟ್ಟರು. ಆ ಸಲದ ಕೊಯ್ಲು ಮುಗಿಯುವವರೆಗೆ ಅಡಿಕೆ ಸುಲಿಯುವ ಚಪ್ಪರಗಳಲ್ಲೆಲ್ಲ ಅದೇ ಮಾತಂತೆ. ಎಲ್ಲರೂ ಮರ್ಯಾದೆ ಹೋಯಿತೆಂದರು. ನನಗೇನೋ ಈ ಮನೆಗಳಲ್ಲಿ ಮರ್ಯಾದೆಗಿಂತ ತೋಟ ಹೋಳಾಗುವ ಭಯವೇ ದೊಡ್ಡದೆನಿಸುತ್ತದೆ. ಏಕೆಂದರೆ ಹೊಸ ಕಾಯ್ದೆ ಬಂದ ಮೇಲೆ ಇದ್ದಕ್ಕಿದ್ದಂತೆ ಸೋದರಮಾವಂದಿರಿಗೆ ತಂಗಿಯ ನೆನಪಾಯಿತು. ರೇಷ್ಮೆ ಸೀರೆ, ಅರಿಶಿನ ಕುಂಕುಮ, ಹಣ್ಣಿನ ತಟ್ಟೆ. ಅದರ ಕೆಳಗೆ ಹಕ್ಕು ಬಿಡುಗಡೆ ಪತ್ರ. 2004ರ ಡಿಸೆಂಬರ್ 20ಕ್ಕೆ ಮುಂಚೆ ಆದ ನೋಂದಾಯಿತ ವಿಭಾಗವನ್ನು ಆ ಕಾಯ್ದೆ ಮುಟ್ಟುವುದಿಲ್ಲ; ಮನೆಯಲ್ಲಿ ಅಂಥದ್ದು ಆಗಿರಲಿಲ್ಲ, ಹಾಗಾಗಿ ಚಿಕ್ಕಮ್ಮನ ಸಹಿ ಬೇಕೇ ಬೇಕಿತ್ತು. ಅವರು ಸೀರೆಯನ್ನು ಇಟ್ಟುಕೊಂಡು, ಪತ್ರವನ್ನು ಓದಿ ನೋಡುತ್ತೇನೆಂದು ಕಾಫಿ ಕೊಟ್ಟು ಕಳುಹಿಸಿದರು. ಇನ್ನೂ ಓದುತ್ತಲೇ ಇದ್ದಾರೆ.

ಆದ್ದರಿಂದ ರಾಜಿಯಾಗೋಣವೆಂದು ಯಾರಾದರೂ ಛಾಪಾ ಕಾಗದ ಹಿಡಿದು ಬಂದರೆ ಅಲ್ಲಿಯೇ ಸಹಿ ಹಾಕಬೇಡಿ. ಈಗಲೇ ಪಹಣಿ ತೆಗೆಸಿ, ಯಾವ ಸರ್ವೆ ನಂಬರ್ ಅಜ್ಜನ ಕಾಲದ್ದು, ಯಾವುದು ಅಪ್ಪ ಕೊಂಡದ್ದು ಎಂದು ನೋಡಿಕೊಳ್ಳಿ.

ಮದುವೆಯ ವಿಚಾರ: ವಿಶೇಷ ವಿವಾಹ ಕಾಯ್ದೆಯಡಿ 30 ದಿನಗಳ ನೋಟಿಸ್ ಇರುತ್ತದೆ. ಬೆಂಗಳೂರಿನಲ್ಲಿ ಕೊಟ್ಟರೂ ನಿಮ್ಮ ಕಾಯಂ ವಿಳಾಸದ ಕಡೆಯ ವಿವಾಹಾಧಿಕಾರಿಗೆ ಅದರ ಪ್ರತಿ ಹೋಗಿ ಫಲಕಕ್ಕೆ ಅಂಟುತ್ತದೆ. ಅದನ್ನು ಕಂಡು ತೋಟದ ಮನೆಗೆ ಫೋನ್ ಮಾಡುವವರಿಗೆ ನಮ್ಮಲ್ಲಿ ಬರವೇ? ಇಬ್ಬರೂ ಹಿಂದೂಗಳಾದ್ದರಿಂದ ಶಾಸ್ತ್ರೋಕ್ತವಾಗಿ ಮದುವೆಯಾಗಿ ಹಿಂದೂ ವಿವಾಹ ಕಾಯ್ದೆಯಡಿ ನೋಂದಾಯಿಸಿದರೆ ಈ ನೋಟಿಸಿನ ಕಾಟವಿಲ್ಲ. ನಿಮಗೆ 18, ಅವರಿಗೆ 21 ತುಂಬಿರಬೇಕು. ಅಪ್ಪನ ಸಹಿಯ ಜಾಗ ಆ ಅರ್ಜಿಯಲ್ಲಿಲ್ಲ.