ಹೈಟಿ ಸ್ವಾತಂತ್ರ್ಯ ದಿನಕ್ಕೆ ಮನೆಯಲ್ಲಿ ಏನೇನು ಅಡುಗೆ ಮಾಡಬೇಕು?

ಹೈಟಿಯ ಸಹೋದ್ಯೋಗಿಯನ್ನು ಜನವರಿ 1ಕ್ಕೆ ಕರೆದಿದ್ದೀರಿ, ಐದಾರು ಬಗೆಯ ಪಟ್ಟಿ ಕೇಳಿದ್ದೀರಿ. ನಾನೂ ಒಂದು ಕಾಲಕ್ಕೆ ಹೀಗೇ ಪಟ್ಟಿ ಹುಡುಕಿದವನು. ಪಟ್ಟಿ ಬಿಡಿ. ಆ ದಿನದ ಅಡುಗೆ ಒಂದೇ: ಸಿಹಿಗುಂಬಳದ ‘ಸೂಪ್ ಜೂಮು’. ಫ್ರೆಂಚರ ಕಾಲದಲ್ಲಿ ಬೇಯಿಸುತ್ತಿದ್ದವರು ಗುಲಾಮರು, ಉಣ್ಣುತ್ತಿದ್ದವರು ಯಜಮಾನರು ಎನ್ನುತ್ತಾರೆ ಹೈಟಿಯವರು. 1804ರ ಜನವರಿ 1ರಂದು ಗೊನೈವ್ ಪಟ್ಟಣದಲ್ಲಿ ಕ್ರಾಂತಿಯ ನಾಯಕ ದೆಸಲೀನ್ ಸ್ವಾತಂತ್ರ್ಯ ಘೋಷಿಸಿದ ನೆನಪಿಗೆ ಈಗ ಎಲ್ಲರೂ ಕುಡಿಯುತ್ತಾರೆ. ಪಕ್ಕದಲ್ಲಿ ಪಲಾವು, ಪಾಯಸ ಇಟ್ಟಿರೋ, ಸೂಪನ್ನು ಕೇಳುವವರಿರುವುದಿಲ್ಲ.

ಆರು ಜನಕ್ಕೆ ಅರ್ಧ ಕೆಜಿ ಬೀಫ್, ಬೇಡವಾದರೆ ಮಟನ್. ನಿಂಬೆರಸದಲ್ಲಿ ಉಜ್ಜಿ ತೊಳೆಯಿರಿ. ಈರುಳ್ಳಿ ಸೊಪ್ಪು, ಪಾರ್ಸ್ಲಿ, ಥೈಮ್, ಬೆಳ್ಳುಳ್ಳಿ, ದೊಣ್ಣೆಮೆಣಸು ರುಬ್ಬಿ, ನಾಲ್ಕು ಚಮಚ ಸವರಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ಪಾರ್ಸ್ಲಿ ಬದಲು ಕೊತ್ತಂಬರಿ ಹಾಕಿದರೆ ಸಾಗುವಿನ ಘಮ ಬರುತ್ತದೆ, ಬೇಡ. ಕುಂಬಳ ಒಂದು ಕೆಜಿ. ಕೊಯ್ದಾಗ ತಿರುಳು ಗಟ್ಟಿಯಾಗಿ, ಕಡು ಕೇಸರಿಯಾಗಿರಬೇಕು. ನೀರಿನಲ್ಲಿ ಕುದಿಸದೆ ಹಬೆಯಲ್ಲಿ ಬೇಯಿಸಿ ರುಬ್ಬಿ. ಮಾಂಸವನ್ನು ನೀರಿನಲ್ಲಿ ಬೇಯಿಸಿ, ಮೆತ್ತಗಾದ ಮೇಲೆ ಆ ಸಾರಿಗೇ ಕುಂಬಳ, ಎರಡು ಕ್ಯಾರೆಟ್, ಎರಡು ಆಲೂಗಡ್ಡೆ, ಒಂದು ಟರ್ನಿಪ್, ಕಾಲು ಭಾಗ ಎಲೆಕೋಸು, ನಾಲ್ಕು ಲವಂಗ ಸೇರಿಸಿ. ಅಲ್ಲಿಯ ಮೆಣಸು ನಮ್ಮಲ್ಲಿ ಸಿಗುವುದು ಕಷ್ಟ. ಹಸಿಮೆಣಸನ್ನೇ ತೊಟ್ಟು ಸಮೇತ ಇಡಿಯಾಗಿ ತೇಲಿಬಿಡಿ, ಒಡೆಯದ ಹಾಗೆ ಸೌಟಾಡಿಸಿ.

ಈ ಸೂಪಿಗೆ ಪಾಸ್ತಾವೂ ಸೇರುತ್ತದೆ, ಕೆಡುವುದು ಅದರಲ್ಲೇ. ನೂರು ಗ್ರಾಂ ರಿಗಟೋನಿ (ಕೊಳವೆಯಂಥ ಪಾಸ್ತಾ) ನೋಡಲು ಕಮ್ಮಿ ಎನಿಸಿ ಇನ್ನೊಂದು ಹಿಡಿ ಸುರಿಯುತ್ತಾರೆ, ಅದೂ ತರಕಾರಿ ಜೊತೆಗೇ. ಒಲೆ ಆರಿಸಿದರೂ ಬಿಸಿ ಸೂಪಿನಲ್ಲಿ ಅದು ನೀರು ಹೀರುತ್ತಲೇ ಇರುತ್ತದೆ. ಅತಿಥಿ ಒಂದು ಗಂಟೆ ತಡವಾದರೆ ಪಾತ್ರೆಯಲ್ಲಿ ಉಳಿಯುವುದು ಮುದ್ದೆ. ನೀರು ಬೆರೆಸಿ ತೆಳ್ಳಗೆ ಮಾಡಿದರೆ ಉಪ್ಪೂ ಕುಂಬಳದ ರುಚಿಯೂ ಸಪ್ಪೆ. ಮತ್ತೆ ಕುದಿಸಿದರೆ ಪಾಸ್ತಾ ಒಡೆದು ಪಿಷ್ಟ ಬಿಟ್ಟು ಇನ್ನೂ ಅಂಟು. ಹಾಗಾಗಿ ಬೇರೆ ಪಾತ್ರೆಯಲ್ಲಿ ಉಪ್ಪುನೀರಿಗೆ ಹಾಕಿ, ಪೂರ್ತಿ ಬೇಯುವ ಒಂದೆರಡು ನಿಮಿಷ ಮೊದಲೇ ಬಸಿದು, ಬಡಿಸುವಾಗ ಬಟ್ಟಲಿಗೆ ಹಾಕಿ. ಒಂದೇ ಪಾತ್ರೆಯಲ್ಲಿ ಬೇಯಿಸುವುದು ವಾಡಿಕೆ, ಆದರೆ ನಮ್ಮ ಬೆಂಗಳೂರಿನ ಟ್ರಾಫಿಕ್ ನಂಬಿ ಹಾಗೆ ಮಾಡಬೇಡಿ.

ಇನ್ನೊಂದು, ರಾತ್ರಿಯೂಟಕ್ಕೆ ಅಂದಿದ್ದೀರಿ. ಬೆಳಿಗ್ಗೆಯೇ ಕರೆಯಿರಿ. ಪಕ್ಕಕ್ಕೆ ಬ್ರೆಡ್ಡು, ನಿಂಬೆಹೋಳು ಸಾಕು. ಒಂದು ಡಬ್ಬಿ ಎದುರುಮನೆಗೂ ಕಳಿಸಿ, ಅಲ್ಲಿಯ ಕ್ರಮವೂ ಅದೇ.