ರಾಯಚೂರಿನವರು ಕಡಲಹುಲ್ಲಿನ ಅಧ್ಯಯನಕ್ಕೆ ಹೋಗಬೇಕೆಂದರೆ ಮೊದಲು ಡೈವಿಂಗ್ ಕಲಿಯಬೇಕೇ?

ಬಿಎಸ್ಸಿ ಮುಗಿಯುತ್ತಿದ್ದಂತೆ ಸ್ಕೂಬಾ ಕೋರ್ಸಿಗೆ ದುಡ್ಡು ಕಟ್ಟಲೋ, ಕಾರವಾರದಲ್ಲಿ ಎಂಎಸ್ಸಿಗೆ ಅರ್ಜಿ ಹಾಕಲೋ ಅಂತ ಕೇಳಿದ್ದೀರಿ. ಎರಡೂ ಆಮೇಲಿನ ಮಾತು. ನಾನು ಗಂಗಾವತಿ ಕಡೆಯ ಹಳ್ಳಿಯವನು, ಮನೆಯಲ್ಲಿ ಭತ್ತದ ಗದ್ದೆ. ಇದೇ ಹುಚ್ಚು ಹಿಡಿದು ಎಂಎಸ್ಸಿ ಪ್ರಾಜೆಕ್ಟಿಗೆಂದು ತಮಿಳುನಾಡಿನ ಮಂಡಪಂವರೆಗೆ ಹೋದೆ. ಅಲ್ಲಿ ನನ್ನನ್ನು ಕೆಡಿಸಿದ್ದು ಈಜು ಬಾರದಿದ್ದದ್ದಲ್ಲ, ಒಂದು ಕತ್ತರಿ.

ಪಾಲ್ಕ್ ಕೊಲ್ಲಿಯಲ್ಲಿ ದಂಡೆಯ ಹತ್ತಿರ ನೀರು ಸೊಂಟದ ಮಟ್ಟಕ್ಕಷ್ಟೇ. ಬೆಳಿಗ್ಗೆ ಗಾಳಿ ಏಳುವ ಮೊದಲು ಮುಖಕ್ಕೆ ಮಾಸ್ಕ್ ಹಾಕಿ ಬಗ್ಗಿದರೆ ತಳವೆಲ್ಲ ಹಸಿರು. ಬಿಸಿಲೇರಿದ ಹಾಗೆ ಎಲೆಯ ಅಂಚಿನಿಂದ ಸಣ್ಣ ಗುಳ್ಳೆ ಬಿಡುತ್ತವೆ, ಹಳೆಯ ಎಲೆಗಳ ಮೇಲೆ ಬಿಳಿ ಹುರುಪೆ, ಅದನ್ನು ಕೆರೆದು ತಿನ್ನುವ ಪುಟ್ಟ ಬಸವನಹುಳು. ಪಾಲ್ಕ್ ಮತ್ತು ಮನ್ನಾರ್ ಕೊಲ್ಲಿಗಳಲ್ಲಿ 14 ಜಾತಿಯ ಕಡಲಹುಲ್ಲು ಇದೆ. ನನ್ನ ಕೆಲಸ ಸರಳವಾಗಿತ್ತು: 50 ಸೆಂಟಿಮೀಟರ್ ಚೌಕದ ಚೌಕಟ್ಟು ಇಡುವುದು, ಒಳಗೆ ಯಾವ ಜಾತಿ ಎಷ್ಟಿದೆ ನೋಡುವುದು, ಮಾದರಿ ತರುವುದು.

ಮಾದರಿಯನ್ನು ನಾನು ಮರಳಿನ ಮಟ್ಟಕ್ಕೆ ಕತ್ತರಿಸಿ ತಂದೆ. ಬೇರು ಕಿತ್ತರೆ ಹುಲ್ಲುಗಾವಲು ಹಾಳಾಗುತ್ತದೆ ಅಂತ ನನ್ನದೇ ಜಾಣತನ. ಯಾರೂ ಹಾಗೆ ಹೇಳಿರಲಿಲ್ಲ. ಚೀಲಗಟ್ಟಲೆ ಎಲೆ ಲ್ಯಾಬಿನ ಮೇಜಿನ ಮೇಲೆ ಹರಡಿದಾಗ ಗೊತ್ತಾಯಿತು, ನನ್ನ ಹತ್ತಿರ ಇದ್ದದ್ದು ಹಸಿರು ಪಟ್ಟಿಗಳು ಮಾತ್ರ. ಸೈಮೋಡೋಸಿಯಾ ಸೆರುಲೇಟಾ ಅನ್ನುವ ಕಡಲಹುಲ್ಲಿನ ಎಲೆತುದಿಯಲ್ಲಿ ಗರಗಸದ ಹಲ್ಲು ಇರುತ್ತದೆ ಅಂತ ಪುಸ್ತಕ ಹೇಳುತ್ತದೆ, ನಿಜ. ಆದರೆ ಬಲಿತ ಎಲೆಯ ತುದಿ ಅಲೆಗೆ ಸವೆದಿರುತ್ತದೆ, ಮೀನು ಕಚ್ಚಿರುತ್ತದೆ. ಆಗ ಬುಡ ನೋಡಬೇಕು. ಸೆರುಲೇಟಾದ ಎಲೆಕವಚ, ಅಂದರೆ ಕಾಂಡವನ್ನು ಅಪ್ಪಿಕೊಳ್ಳುವ ಎಲೆಬುಡ, ಅಗಲವಾಗಿ ತ್ರಿಕೋನದ ಆಕಾರದಲ್ಲಿರುತ್ತದೆ, ಎಲೆ ಉದುರಿದ ಗುರುತು ಕಾಂಡವನ್ನು ಪೂರ್ತಿ ಸುತ್ತಿಕೊಳ್ಳುವುದಿಲ್ಲ. ಅದರ ಅಣ್ಣತಮ್ಮನಂಥ ರೊಟುಂಡೇಟಾದಲ್ಲಿ ಆ ಗುರುತು ಉಂಗುರದ ಹಾಗೆ ಪೂರ್ತಿ ಸುತ್ತಿರುತ್ತದೆ. ಥಲಾಸಿಯಾ ಅನ್ನುವ ಇನ್ನೊಂದು ಕಡಲಹುಲ್ಲಿನದು ದಪ್ಪ ನೆಲಕಾಂಡ, ಅದರ ಮೇಲೆ ಒತ್ತೊತ್ತಾದ ಗುರುತುಗಳು. ಈ ಎಲ್ಲವನ್ನೂ ನಾನು ಮರಳೊಳಗೇ ಬಿಟ್ಟು ಬಂದಿದ್ದೆ. ತೂಕದ ಲೆಕ್ಕವೂ ಹೋಯಿತು. ಎಷ್ಟೋ ಜಾತಿಗಳಲ್ಲಿ ಗಿಡದ ತೂಕ ಮೇಲಿಗಿಂತ ಕೆಳಗೇ ಹೆಚ್ಚು. ಹುಲ್ಲನ್ನು ಉಳಿಸಿದೆ ಅನ್ನುವ ಸಮಾಧಾನವಾದರೂ ಉಂಟೇ ಅಂದರೆ, ಮರಳ ಕೆಳಗಿನ ಕಾಂಡ ಚೌಕಟ್ಟಿನಾಚೆಗೂ ಹಬ್ಬಿರುತ್ತದೆ, ಒಂದೆರಡು ಚಿಗುರು ಬೇರುಸಮೇತ ತೆಗೆದರೆ ಅದಕ್ಕೆ ಲೆಕ್ಕಕ್ಕೇ ಇಲ್ಲ.

ಮತ್ತೆ ಹೋಗಿ ತರೋಣ ಅಂದರೆ ಅನುಮತಿ ಪತ್ರದ ಅವಧಿ ಮುಗಿದಿತ್ತು. ಹೊಸದು ಕೈಗೆ ಬರುವಷ್ಟರಲ್ಲಿ ಹಿಂಗಾರಿನ ಗಾಳಿ ಹೊಕ್ಕು ನೀರೆಲ್ಲ ಕದಡಿತ್ತು. ವರ್ಷ ಹೋಯಿತು. ಊರಿಗೆ ಬಂದು ಅವ್ವನ ಮುಂದೆ ಹೇಳಿಕೊಂಡರೆ, "ಗದ್ದ್ಯಾಗ ಕಸ ತಗ್ಯಾಕ ಹೋದಾಕಿ ಬುಡ ಬಿಡಿಸಿ ನೋಡ್ತಾಳಪ್ಪಾ. ಮ್ಯಾಲ ನೋಡಿದ್ರ ಎಲ್ಲಾ ಭತ್ತಾನ ಕಾಣತೈತಿ" ಅಂದಳು. ಸುಮ್ಮನೆ ಅಂದ ಮಾತಲ್ಲ ಅದು. ಭತ್ತದ ಎಲೆ ಕವಚಕ್ಕೆ ಕೂಡುವಲ್ಲಿ ತೆಳು ಪೊರೆ ಇರುತ್ತದೆ, ಭತ್ತದಂತೆಯೇ ಕಾಣುವ ಕಸಕ್ಕೆ ಇರುವುದಿಲ್ಲ. ಸೈಮೋಡೋಸಿಯಾಕ್ಕೂ ಅದೇ ಜಾಗದಲ್ಲಿ ಪೊರೆ ಉಂಟು, ಥಲಾಸಿಯಾಕ್ಕೆ ಇಲ್ಲ. ಮನೆಯಲ್ಲೇ ಇದ್ದ ವಿದ್ಯೆ.

ಹಾಗಾಗಿ ಡೈವಿಂಗ್ ಅನ್ನುವವರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟು. ಕಡಲಹುಲ್ಲು ಪಾಚಿಯಲ್ಲ. ನೆಲದಿಂದ ಸಮುದ್ರಕ್ಕೆ ಮರಳಿ ಹೋದ ಹೂಬಿಡುವ ಗಿಡ, ಬೇರು, ಕಾಂಡ, ಬೀಜ ಎಲ್ಲ ಇದೆ. ಅದರ ಬೇರು ಇರುವುದು ಉಸಿರಾಡಲು ಗಾಳಿಯಿಲ್ಲದ, ಕೊಳೆತ ಮೊಟ್ಟೆಯ ವಾಸನೆಯ ಕೆಸರಿನಲ್ಲಿ. ಎಲೆ ತಯಾರಿಸಿದ ಆಮ್ಲಜನಕ ಒಳಗಿನ ಗಾಳಿಕೊಳವೆಗಳಲ್ಲಿ ಇಳಿದು ಬೇರಿನ ಸುತ್ತ ಸೋರಿ ಆ ಕೆಸರಿನ ವಿಷವನ್ನು ತಡೆಯುತ್ತದೆ. ಮರಳನ್ನು ಹಿಡಿದಿಡುವುದೂ, ಇಂಗಾಲ ಹೂತಿಡುವುದೂ ಅಲ್ಲೇ ಕೆಳಗೆ. ಕಡಲಹಸು, ಅದೇ ಡುಗಾಂಗ್, ಇದನ್ನು ಬಲ್ಲದು. ಮೂತಿಯಿಂದ ಮರಳು ಕೆದಕಿ ಕಾಂಡಸಮೇತ ತಿಂದು ಹೋಗುತ್ತದೆ, ಹೋದಲ್ಲೆಲ್ಲ ಬೋಳು ಹಾದಿ ಉಳಿಯುತ್ತದೆ. ಅದಕ್ಕೆಂದೇ 2022ರಲ್ಲಿ ತಮಿಳುನಾಡು ಸರ್ಕಾರ ಪಾಲ್ಕ್ ಕೊಲ್ಲಿಯ 448 ಚದರ ಕಿ.ಮೀ.ಯನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ಎಲೆ ಕತ್ತರಿಸುವುದೂ ಅತಿಯಾದರೆ ಕೆಟ್ಟದ್ದೇ. ಲಕ್ಷದ್ವೀಪದ ಅಗತ್ತಿಯಲ್ಲಿ ಹಸಿರಾಮೆಗಳು ಹೆಚ್ಚಾಗಿ ಮೇದೂ ಮೇದೂ ಹುಲ್ಲುಗಾವಲು ಸೊರಗಿತು, ಮೀನು ಕಡಿಮೆಯಾಯಿತೆಂದು ಮೀನುಗಾರರು ಆಮೆಗಳನ್ನು ದೂರಿದರು.

ಕಾರವಾರದ ವಿಭಾಗ ಒಳ್ಳೆಯದು, ಸಮುದ್ರಜೀವಶಾಸ್ತ್ರ ಬೇಕಿದ್ದರೆ ಕಣ್ಣುಮುಚ್ಚಿ ಸೇರಿ. ಹುಲ್ಲೇ ಬೇಕೆಂದರೆ ದೊಡ್ಡ ಹುಲ್ಲುಗಾವಲು ನಮ್ಮ ಕರಾವಳಿಯಲ್ಲಿಲ್ಲ. ಮೇಲಿನ ಬೆಳಕಿನಲ್ಲಿ ಹತ್ತರಲ್ಲಿ ಒಂದು ಪಾಲಾದರೂ ತಳಕ್ಕೆ ಮುಟ್ಟಬೇಕು ಇದಕ್ಕೆ. ಮುಂಗಾರಿನಲ್ಲಿ ಘಟ್ಟದ ಹೊಳೆಗಳೆಲ್ಲ ಕೆಂಪು ನೀರು ತಂದು ಸುರಿಯುವ, ಅಲೆ ಬಡಿಯುವ ತೀರದಲ್ಲಿ ಅದು ಕಷ್ಟ.

ಮೊದಲು ನಿಮ್ಮೂರಿನ ನೀರಿಗೇ ಇಳಿಯಿರಿ. ತುಂಗಭದ್ರಾ ಎಡದಂಡೆಯ ಸಣ್ಣ ಕಾಲುವೆಗಳಲ್ಲಿ ಸಿಗುವ ಹೈಡ್ರಿಲ್ಲಾ, ಪಿಯುಸಿಯಲ್ಲಿ ಓದಿದ ವ್ಯಾಲಿಸ್ನೇರಿಯಾ, ಕಡಲಿನ ಥಲಾಸಿಯಾ, ಹ್ಯಾಲೋಫಿಲಾ, ಎನ್‌ಹ್ಯಾಲಸ್ ಎಲ್ಲ ಒಂದೇ ಕುಟುಂಬದವು. ವ್ಯಾಲಿಸ್ನೇರಿಯಾದ ಗಂಡುಹೂ ಕಳಚಿಕೊಂಡು ನೀರ ಮೇಲೆ ತೇಲಿ ಹೆಣ್ಣುಹೂ ಹುಡುಕುವುದನ್ನು ಬಾಯಿಪಾಠ ಮಾಡಿದ್ದೀರಲ್ಲ, ಎನ್‌ಹ್ಯಾಲಸ್ ಸಮುದ್ರದಲ್ಲಿ ಮಾಡುವುದೂ ಅದನ್ನೇ. ಕೆರೆಯಲ್ಲಿ ಸಿಗದಿದ್ದರೆ ಅಕ್ವೇರಿಯಂ ಅಂಗಡಿಯಲ್ಲಿ ಕೊಳ್ಳಿ. ಒಂದು ತೊಟ್ಟಿಯಲ್ಲಿ ಮರಳು ಹಾಕಿ ನೆಟ್ಟು, ಕಾಂಡ ಹೇಗೆ ಹಬ್ಬುತ್ತದೆ, ಎಲೆ ಬುಡದಿಂದ ಹೇಗೆ ಬೆಳೆಯುತ್ತದೆ, ಬೆಳಕು ಕಡಿಮೆ ಮಾಡಿದರೆ ಏನಾಗುತ್ತದೆ, ಬರೆದಿಡಿ. ಡೈವಿಂಗಿಗೆ ಎತ್ತಿಟ್ಟ ದುಡ್ಡಿನಲ್ಲಿ ಒಳ್ಳೆಯ ಕೈಮಸೂರ, ಮಾಸ್ಕ್, ಸ್ನಾರ್ಕೆಲ್ ಬಂದು ಇನ್ನೂ ಉಳಿಯುತ್ತದೆ. ಮಂಡಪಂಗೆ ಹೋಗುವುದಾದರೆ ಅರಣ್ಯ ಇಲಾಖೆಯ ಅನುಮತಿಗೆ ಈಗಲೇ ಬರೆಯಲು ಶುರುಮಾಡಿ, ಪತ್ರದಲ್ಲಿ "ಬೇರುಸಮೇತ ಮಾದರಿ" ಅಂತ ಬಿಡಿಸಿ ಬರೆಯಿರಿ. ಅವಧಿಯನ್ನು ಬೇಕಾದ್ದಕ್ಕಿಂತ ಎರಡರಷ್ಟು ಕೇಳಿ.