ಊರು ಆಮೇಲೆ, ಮೊದಲು ತಿಂಗಳು ಹೇಳಿ

ಸಾಗರದ ಹತ್ತಿರದ ಅಡಿಕೆ ತೋಟದ ಮನೆಯಲ್ಲಿ ಹುಟ್ಟಿ, ಇದೇ ಸೀಮೆಯ ಹೈಸ್ಕೂಲುಗಳಲ್ಲಿ ಮೂವತ್ತೊಂದು ವರ್ಷ ಇತಿಹಾಸ ಪಾಠ ಮಾಡಿದವಳು ನಾನು. ಈ ಸಲ ಬಂದ ಪತ್ರಗಳೆಲ್ಲ ಮಲೆನಾಡಿನ ಪ್ರವಾಸದ ಬಗ್ಗೆಯೇ ಇವೆ. ಆಯ್ದ ಕೆಲವಕ್ಕೆ ಉತ್ತರ ಇಲ್ಲಿದೆ.

ಡಿಸೆಂಬರ್ ಕೊನೆಯ ವಾರ ಮಕ್ಕಳಿಗೆ ರಜೆ. ಎರಡು ದಿನದಲ್ಲಿ ಸಕ್ರೆಬೈಲು, ಜೋಗ, ಸಿಗಂದೂರು, ಕೊಡಚಾದ್ರಿ, ಆಗುಂಬೆ ಐದನ್ನೂ ಮುಗಿಸಬೇಕೆಂದಿದ್ದೇವೆ. ಹೇಗೆ ಹೊಂದಿಸಿಕೊಳ್ಳಲಿ?
*— ಓದುಗರೊಬ್ಬರು, ವಿಜಯಪುರ*

ಐದರಲ್ಲಿ ಮೂರನ್ನು ಈಗಲೇ ಹೊಡೆದುಹಾಕಿ. ಜೋಗದಿಂದ ಆಗುಂಬೆಗೇ ನೂರು ಕಿಲೋಮೀಟರ್ ಮೀರುತ್ತದೆ, ಅದೂ ತಿರುವು ರಸ್ತೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಶಾಲೆಯಿಂದ ನಲವತ್ತು ಮಕ್ಕಳನ್ನು ಎರಡು ದಿನದಲ್ಲಿ ಏಳು ಜಾಗಕ್ಕೆ ಕರೆದುಕೊಂಡು ಹೋಗಿದ್ದೆವು. ವಾಪಸು ಬಂದು ಪ್ರಬಂಧ ಬರೆಸಿದರೆ ಅರ್ಧಕ್ಕರ್ಧ ಮಕ್ಕಳು ಬಸ್ಸಿನಲ್ಲಿ ವಾಂತಿಯಾದದ್ದನ್ನು ಬರೆದಿದ್ದರು. ಆ ಪುಸ್ತಕಗಳನ್ನು ತಿದ್ದುತ್ತ ನನಗೆ ಹೊಟ್ಟೆ ಉರಿಯಿತು. ಅವರಲ್ಲಿ ಎಷ್ಟೋ ಮಕ್ಕಳಿಗೆ ಅದೇ ಮೊದಲ ಪ್ರವಾಸ.

ಡಿಸೆಂಬರಿಗೆ ಜೋಗ ಬೇಡ. 253 ಮೀಟರ್ ಎತ್ತರದ ಬಂಡೆ ಅಲ್ಲೇ ಇರುತ್ತದೆ, ಆದರೆ ರಾಜಾ, ರೋರರ್, ರಾಕೆಟ್, ರಾಣಿ ನಾಲ್ಕೂ ಸೊರಗಿ ನೂಲಿನ ಹಾಗಾಗಿರುತ್ತವೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಮೇಲೆ ಶರಾವತಿಯ ನೀರು ವಿದ್ಯುತ್ತಿಗೆ ತಿರುಗಿತು. ಅಣೆಕಟ್ಟಿನ ಕೆಳಗಿನ ಕಾಡಿನಲ್ಲಿ ಜೋರು ಮಳೆ ಹೊಯ್ದಾಗ, ಇಲ್ಲವೇ ಅಣೆಕಟ್ಟು ತುಂಬಿ ಗೇಟು ತೆಗೆದಾಗ ಮಾತ್ರ ಜೋಗಕ್ಕೆ ಮೈ ಬರುತ್ತದೆ. ಅದಕ್ಕೆ ಜುಲೈನಿಂದ ಸೆಪ್ಟೆಂಬರ್ ಕಾಲ. ಗೇಟು ತೆಗೆದ ಸುದ್ದಿ ಪೇಪರಿನಲ್ಲಿ ಬಂದ ದಿನ ಚೀಲ ಕಟ್ಟಿಕೊಂಡು ತಾಳಗುಪ್ಪದ ರಾತ್ರಿ ರೈಲು ಹತ್ತಿ. ಅಲ್ಲಿಂದ ಜೋಗ ಹದಿನೈದು ಕಿಲೋಮೀಟರ್ ಚಿಲ್ಲರೆ. ಮಂಜು ಮುಚ್ಚಿದ್ದರೆ ಕಟ್ಟೆಯ ಮೇಲೆ ಕಾಯುತ್ತ ಕೂರಿ. ಮೊದಲು ಕಿವಿಗೆ ಸಿಗುತ್ತದೆ, ಆಮೇಲೆ ಕಣ್ಣಿಗೆ. ಗಾಳಿ ತಿರುಗಿ ಪರದೆ ಸರಿದಾಗ ನಾಲ್ಕೂ ಒಟ್ಟಿಗೆ ಎದುರು ನಿಂತಿರುತ್ತವೆ. ಅರವತ್ತು ದಾಟಿದ ನನಗೆ ಈಗಲೂ ಆ ಹೊತ್ತಿನಲ್ಲಿ ಮಾತು ಹೊರಡುವುದಿಲ್ಲ.

ಡಿಸೆಂಬರ್ ಆಗುಂಬೆಯ ತಿಂಗಳು. ಮಳೆಗಾಲದಲ್ಲಿ ಅಲ್ಲಿ ಎದುರು ನಿಂತವರ ಮುಖವೇ ಕಾಣದಂಥ ಮಂಜು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮೀರಿ ಮಳೆ ಬೀಳುವ ಊರು ಅದು. ಮಳೆ ತೊಳೆದು ಹೋದ ಆಕಾಶದಲ್ಲಿ ನವೆಂಬರಿನಿಂದ ಜನವರಿವರೆಗೆ ಸೂರ್ಯ ಅರಬ್ಬಿ ಸಮುದ್ರಕ್ಕೆ ಇಳಿಯುವುದು ಘಟ್ಟದ ತುದಿಯಿಂದಲೇ ಕಾಣುತ್ತದೆ. ಮೊದಲ ದಿನ ಬೆಳಿಗ್ಗೆ ಶಿವಮೊಗ್ಗದಿಂದ 14 ಕಿಲೋಮೀಟರ್ ದೂರದ ಸಕ್ರೆಬೈಲಿಗೆ ಹೋಗಿ. ರಾತ್ರಿ ಕಾಡಿನಲ್ಲಿ ಮೇಯ್ದ ಆನೆಗಳನ್ನು ಮಾವುತರು ಬೆಳಿಗ್ಗೆ ಕರೆತಂದು ತುಂಗೆಯ ಹಿನ್ನೀರಿನಲ್ಲಿ ಮೀಯಿಸುತ್ತಾರೆ. ಮಧ್ಯಾಹ್ನ ಹೋದರೆ ಖಾಲಿ ದಡ. ಅಲ್ಲಿಂದ ತೀರ್ಥಹಳ್ಳಿಯಲ್ಲಿ ಊಟ, ಸಂಜೆ ಐದಕ್ಕೆ ಆಗುಂಬೆ. ಮರುದಿನ ಕುಂದಾದ್ರಿ ಹತ್ತಿ. ಒಂದೇ ಹೆಬ್ಬಂಡೆಯಂಥ ಬೆಟ್ಟ, ನೆತ್ತಿಯಲ್ಲಿ ಪಾರ್ಶ್ವನಾಥ ಬಸದಿ, ಬಂಡೆಯ ಕುಳಿಯಲ್ಲೇ ನಿಂತ ನೀರು. ವಾಪಸು ಬರುವಾಗ ಕುಪ್ಪಳಿಯಲ್ಲಿ ಇಳಿದು ಕುವೆಂಪು ಅವರ ಮನೆ ನೋಡಿ, ಹಿಂದಿನ ಕವಿಶೈಲದಲ್ಲಿ ಮಕ್ಕಳನ್ನು ಅರ್ಧ ಗಂಟೆ ಸುಮ್ಮನೆ ಬಿಡಿ. ಅಷ್ಟು ಸಾಕು. ಕೊಡಚಾದ್ರಿಗೆ ಪ್ರತ್ಯೇಕ ಒಂದು ದಿನವೇ ಬೇಕು.

ಸಿಗಂದೂರಿಗೆ ಲಾಂಚಿನಲ್ಲಿ ಹೋಗುವ ಆಸೆ. ಈಗ ಸೇತುವೆಯಾಗಿದೆಯಂತೆ. ಆ ಮಜಾ ಹೋಯಿತಲ್ಲ?
*— ಓದುಗರೊಬ್ಬರು, ತುಮಕೂರು*

ಹೌದು, 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆಯಿತು. ಎರಡು ಕಿಲೋಮೀಟರಿಗೂ ಉದ್ದ, ತಂತಿಗಳಲ್ಲಿ ತೂಗುವ ಸೇತುವೆ. ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ, ಆದರೆ ಅದರಲ್ಲಿ ನಾನು ಪಾಲುಗೊಳ್ಳಲಾರೆ. ಹೊಳೆಯಾಚೆಯ ತುಮರಿ ಕಡೆಯ ಮಕ್ಕಳು ನನ್ನ ತರಗತಿಯಲ್ಲಿ ಕೂತಿದ್ದವರು. ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ತುಂಬಿದ ಮೇಲೆ ಆ ಊರುಗಳಿಗೆ ತಾಲೂಕು ಕೇಂದ್ರದ ದಾರಿ ನೀರಿನ ಮೇಲಾಯಿತು. ಸಂಜೆಯ ಕೊನೆಯ ಲಾಂಚು ತಪ್ಪಿದರೆ ರಾತ್ರಿಯೆಲ್ಲ ಈಚೆಯೇ. ಹೆರಿಗೆ ನೋವು, ಹಾವು ಕಡಿತ, ಎದೆನೋವು ಲಾಂಚಿನ ಹೊತ್ತು ನೋಡಿ ಬರುವುದಿಲ್ಲ. ನನ್ನ ವಿದ್ಯಾರ್ಥಿನಿಯೊಬ್ಬಳು ಅಜ್ಜನನ್ನು ದಡದಲ್ಲೇ ಕಳೆದುಕೊಂಡು ಎರಡು ವಾರ ಶಾಲೆಗೆ ಬರಲಿಲ್ಲ. ಬಂದ ದಿನ ಹಾಜರಿ ಕೂಗಿದಾಗ ಅವಳು ಎದ್ದು ನಿಂತ ರೀತಿ ನನಗೆ ಮರೆತಿಲ್ಲ. ಅರವತ್ತು ವರ್ಷ ಕಾದ ಜನ ಅವರು. ಸೇತುವೆಯ ಮೇಲೆ ಹೋಗುವಾಗ ಎರಡೂ ಬದಿ ನೋಡಿ, ಆ ನೀರಿನಡಿಯಲ್ಲಿ ಗದ್ದೆ, ತೋಟ, ಮನೆಯ ಪಾಯ ಇವೆ.

ಅಮ್ಮನಿಗೆ 78. ಮೆಟ್ಟಿಲು ಹತ್ತಲಾರರು, ಆದರೆ ಹಳೆಯ ದೇವಸ್ಥಾನ, ಶಾಸನ ಎಂದರೆ ಪ್ರಾಣ. ಜಲಪಾತ ಬೇಡವಂತೆ. ಎಲ್ಲಿಗೆ ಕರೆದೊಯ್ಯಲಿ?
*— ಓದುಗರೊಬ್ಬರು, ಮೈಸೂರು*

ನಿಮ್ಮ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ಸಾಗರದಲ್ಲಿ ಎರಡು ರಾತ್ರಿ ಉಳಿಯಿರಿ.

ಮೊದಲ ದಿನ ಇಕ್ಕೇರಿ. ಊರಿನಿಂದ ಹತ್ತು ನಿಮಿಷದ ದಾರಿ. ಕೆಳದಿ ಅರಸರು ರಾಜಧಾನಿಯನ್ನು ಕೆಳದಿಯಿಂದ ಇಲ್ಲಿಗೆ, ಇಲ್ಲಿಂದ ಬಿದನೂರಿಗೆ, ಅಂದರೆ ಇಂದಿನ ನಗರಕ್ಕೆ ಸರಿಸಿದರು. ಅರಮನೆ ಹೋಯಿತು, ಅಘೋರೇಶ್ವರ ಉಳಿದ. ಗರ್ಭಗುಡಿಯ ಪೀಠ ನೋಡಲು ಹೇಳಿ: ಒಳಗಿನ ಜಾಗದ ಬಹುಪಾಲನ್ನು ಅದೇ ತುಂಬಿದೆ, ಸುತ್ತಲೂ 32 ಸ್ತ್ರೀ ಮೂರ್ತಿಗಳು ಕುಳಿತಿವೆ. ಎದುರಿನ ನೆಲದ ಮೇಲೆ ದೇವರಿಗೆ ಅಡ್ಡಬಿದ್ದ ನಾಯಕರ ಉಬ್ಬುಚಿತ್ರಗಳಿವೆ, ಕಾಲಿಡುವ ಮುಂಚೆ ನೋಡಿಕೊಳ್ಳಿ. ನಮ್ಮಂಥ ತೋಟದ ಮನೆಯವರಿಗೆ ಇಲ್ಲಿ ಇನ್ನೊಂದು ಗುರುತಿದೆ. ಮಧ್ಯದ ಕಂಬಗಳ ನಡುವಿನ ಅಂತರ, 18 ಅಡಿ 6 ಇಂಚು, ಆ ಕಾಲದಲ್ಲಿ ತೋಟದ ಜಮೀನು ಅಳೆಯುವ ಕೋಲಿಗೆ ಪ್ರಮಾಣವಾಗಿತ್ತು. ಅಳತೆಯ ಬಗ್ಗೆ ತಕರಾರು ಬಂದರೆ ದೇವರ ಮುಂದೆಯೇ ಸಾಕ್ಷಿ! ಪ್ರತಿ ವರ್ಷ ಒಂಬತ್ತನೇ ತರಗತಿಯ ಮಕ್ಕಳಿಗೆ ನಾನು ಟೇಪು ಕೊಟ್ಟು ಅಳೆಸುತ್ತಿದ್ದೆ. ಕೆಳದಿಯ ಶಿವಪ್ಪ ನಾಯಕನ ಕಂದಾಯ ಪದ್ಧತಿಗೆ ಶಿಸ್ತು ಎಂದು ಹೆಸರೆಂದು ಪಠ್ಯದಲ್ಲಿ ಎರಡು ಸಾಲು ಓದಿದವರಿಗೆ ಅಲ್ಲಿ ನಿಂತಾಗ ಭೂಕಂದಾಯ ಎಂದರೇನೆಂದು ತಾನಾಗಿ ಹೊಳೆಯುತ್ತಿತ್ತು.

ಅದೇ ದಿನ ಸಂಜೆ ಕೆಳದಿ. ಪಾರ್ವತಿ ಗುಡಿಯ ಮರದ ಕೆತ್ತನೆಯ ಛಾವಣಿ, ವೀರಭದ್ರ ಗುಡಿಯ ಒಳಛಾವಣಿಯ ಗಂಡಭೇರುಂಡ ಎರಡನ್ನೂ ಕತ್ತೆತ್ತಿ ನೋಡಬೇಕು, ಆದ್ದರಿಂದ ಅಮ್ಮನಿಗೆ ಒಂದು ಮಡಚುವ ಕುರ್ಚಿ ಒಯ್ಯಿರಿ. ಶಿವಾಜಿಯ ಮಗ ರಾಜಾರಾಮನಿಗೆ, ಔರಂಗಜೇಬನ ಸೈನ್ಯ ಬೆನ್ನಟ್ಟಿದ್ದಾಗ, ಆಶ್ರಯ ಕೊಟ್ಟ ಚೆನ್ನಮ್ಮ ಈ ಮನೆತನದ ರಾಣಿಯೇ.

ಮರುದಿನ ಶಿರಾಳಕೊಪ್ಪದ ಕಡೆ ಹೋಗಿ. ಬಳ್ಳಿಗಾವಿಯಲ್ಲಿ ಕೇದಾರೇಶ್ವರ, ಗಂಡಭೇರುಂಡ ಹೊತ್ತ 11ನೇ ಶತಮಾನದ ಎತ್ತರದ ಕಂಬ. ಅಲ್ಲಮಪ್ರಭುವಿನ ಊರು ಅದು. ಅಕ್ಕಮಹಾದೇವಿಯ ಉಡುತಡಿಯೂ ಇದೇ ಶಿಕಾರಿಪುರ ತಾಲೂಕು. ಆಮೇಲೆ ತಾಳಗುಂದ. ಪ್ರಣವೇಶ್ವರ ಗುಡಿಯ ಮುಂದಿನ ಕಲ್ಲುಕಂಬದಲ್ಲಿ ಕುಬ್ಜ ಎಂಬ ಕವಿ ಸಂಸ್ಕೃತದಲ್ಲಿ ಕದಂಬರ ಕಥೆ ಹೇಳಿದ್ದಾನೆ: ಓದಲೆಂದು ಕಂಚಿಯ ಘಟಿಕೆಗೆ ಹೋದ ಮಯೂರಶರ್ಮ, ಪಲ್ಲವರ ಕುದುರೆ ಸವಾರನೊಂದಿಗೆ ಆದ ಜಗಳ, ದರ್ಭೆ ಹಿಡಿದ ಕೈ ಕತ್ತಿ ಹಿಡಿದದ್ದು. ಐದನೇ ಶತಮಾನದ ಆ ಅಕ್ಷರಗಳ ಮುಂದೆ ನಿಮ್ಮ ಅಮ್ಮ ಎಷ್ಟು ಹೊತ್ತು ನಿಲ್ಲುತ್ತಾರೋ ನಿಲ್ಲಲಿ. ದಯವಿಟ್ಟು ಅವಸರ ಮಾಡಬೇಡಿ.

ಹೋಗುವ ತಿಂಗಳು ನವೆಂಬರ್. ಮಳೆಗಾಲದಲ್ಲಿ ಕಲ್ಲಿನ ಮೇಲೆ ಪಾಚಿ ಕಟ್ಟಿ ಜಾರುತ್ತದೆ.

ಫೆಬ್ರವರಿಯಲ್ಲಿ ಕಾಡಿನಲ್ಲಿ ನಡೆಯಲು ಬರಬೇಕೆಂದಿದ್ದೇವೆ. ಮಂಗನ ಕಾಯಿಲೆಯ ಭಯ. ಉಂಬಳದ ಭಯವೂ ಇದೆ.
*— ಓದುಗರೊಬ್ಬರು, ಹುಬ್ಬಳ್ಳಿ*

ಉಂಬಳ ಮಳೆಗಾಲದ್ದು, ಫೆಬ್ರವರಿಯಲ್ಲಿ ಸಿಗುವುದು ಅಪರೂಪ. ಸಿಕ್ಕರೂ ಉಪ್ಪು ಮುಟ್ಟಿಸಿದರೆ ಬಿಡುತ್ತದೆ. ಅದರಿಂದ ಒಂದು ತೊಟ್ಟು ರಕ್ತ ಹೋಗುತ್ತದೆ, ಜೀವಕ್ಕೆ ಏನೂ ಇಲ್ಲ.

ಮಂಗನ ಕಾಯಿಲೆಯನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾಗಿ ಆ ಕಾಡಿನ ಹೆಸರನ್ನೇ ಜಗತ್ತಿಗೆ ಹೊತ್ತೊಯ್ದ ಜ್ವರ ಅದು. ಹರಡುವುದು ಉಣುಗಿನಿಂದ. ಡಿಸೆಂಬರಿನಿಂದ ಮೇವರೆಗೆ, ಒಣಗಿದ ತರಗೆಲೆಯ ನಡುವೆ ಎಳೆಯ ಉಣುಗುಗಳು ಚುರುಕಾಗಿರುತ್ತವೆ. ಕಣ್ಣಿಗೆ ಬೀಳುವುದೇ ಕಷ್ಟ, ಅಷ್ಟು ಸಣ್ಣವು. ಮಂಗ ಸತ್ತು ಬಿದ್ದಾಗ ಅದರ ಮೈಮೇಲಿದ್ದವು ಕೆಳಗಿಳಿಯುತ್ತವೆ. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ, ಆದ್ದರಿಂದ ಮಲೆನಾಡಿನ ಮನೆಯಲ್ಲಿ ಉಳಿಯಲು, ಊಟ ಮಾಡಲು ಹೆದರಬೇಕಿಲ್ಲ.

ಆ ತಿಂಗಳುಗಳಲ್ಲಿ ಕಾಡೊಳಗಿನ ನಡಿಗೆ ಬೇಡ ಎಂಬುದೇ ನನ್ನ ಸಲಹೆ. ಬರಲೇಬೇಕೆಂದರೆ ಹೊರಡುವ ಮುಂಚೆ ಆ ಊರಿನ ಆಶಾ ಕಾರ್ಯಕರ್ತೆಯನ್ನೋ ಆಸ್ಪತ್ರೆಯವರನ್ನೋ ವಿಚಾರಿಸಿ, ಮಂಗ ಸತ್ತ ಕಾಡಿಗೆ ಕಾಲಿಡಬೇಡಿ. ಉದ್ದ ತೋಳು, ಉದ್ದ ಪ್ಯಾಂಟು, ಪ್ಯಾಂಟಿನ ತುದಿ ಕಾಲುಚೀಲದೊಳಗೆ. ಉಣುಗನ್ನು ದೂರವಿಡುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ. ತರಗೆಲೆಯ ಮೇಲೆ ಕೂರಬೇಡಿ, ಮಲಗಬೇಡಿ. ಬಂದೊಡನೆ ಬಟ್ಟೆ ಬಿಸಿನೀರಿಗೆ, ಮೈಗೆ ಸ್ನಾನ. ಊರಿಗೆ ಹೋದ ಮೇಲೆ ಒಂದೆರಡು ವಾರದಲ್ಲಿ ಜ್ವರ, ತಲೆನೋವು, ಮೈಕೈ ನೋವು ಬಂದರೆ ಡಾಕ್ಟರಿಗೆ ಮೊದಲ ಮಾತು ಇದಾಗಿರಲಿ: ನಾನು ಶಿವಮೊಗ್ಗದ ಕಾಡಿಗೆ ಹೋಗಿದ್ದೆ. ನಮ್ಮಲ್ಲಿ ಸೌದೆಗೆ, ದರಗಿಗೆ ಕಾಡಿಗೆ ಹೋಗಲೇಬೇಕಾದ ಹೆಂಗಸರಿಗೆ ಆಯ್ಕೆ ಇಲ್ಲ. ನಿಮಗೆ ಇದೆ.

ಹಕ್ಕಿಗಳನ್ನು ನೋಡಲು ಮಂಡಗದ್ದೆಯೋ ಗುಡವಿಯೋ?
*— ಓದುಗರೊಬ್ಬರು, ದಾವಣಗೆರೆ*

ಒಂದೇ ದಿನವಿದ್ದರೆ ಮಂಡಗದ್ದೆ. ಶಿವಮೊಗ್ಗ–ತೀರ್ಥಹಳ್ಳಿ ರಸ್ತೆಯ ಪಕ್ಕದಲ್ಲೇ ತುಂಗೆಯ ನಡುಗಡ್ಡೆ. ಆಗಸ್ಟಿನಲ್ಲಿ ಬೆಳ್ಳಕ್ಕಿ, ನೀರುಕಾಗೆಗಳ ಗೂಡು ಕೊಂಬೆ ಕಾಣದಷ್ಟು. ಎರಡು ದಿನವಿದ್ದರೆ ಸೊರಬದ ಗುಡವಿ ಕೆರೆ. ಬೆಳಗಿನ ಬಿಸಿಲಿನಲ್ಲಿ ಬಿಳಿ ಕೆಂಬರಲುಗಳು.

ನಾನು ಚಿತ್ರಕಲೆ ಓದುತ್ತಿದ್ದೇನೆ. ಹಸೆ ಚಿತ್ತಾರವನ್ನು ಪ್ರದರ್ಶನದಲ್ಲಲ್ಲ, ಮನೆಯಲ್ಲೇ ನೋಡಬೇಕು. ಯಾವಾಗ ಬರಲಿ?
*— ಓದುಗರೊಬ್ಬರು, ಕಲಬುರಗಿ*

ಯಾವಾಗ ಎಂದು ಕೇಳಿದವರು ನೀವೊಬ್ಬರೇ. ಬಹಳ ಸಂತೋಷವಾಯಿತು.

ಹಸೆ ದೀವರ ಸಮುದಾಯದ ಮನೆಗಳ ಚಿತ್ತಾರ. ಮದುವೆಯ ಮನೆಯಲ್ಲಿ ವಧೂವರರು ಕೂರುವ ಕಡೆ ಗೋಡೆಯ ಮೇಲೆ ಬರೆಯುತ್ತಾರೆ. ಕೆಮ್ಮಣ್ಣು ಬಳಿದ ಗೋಡೆ, ನೆನೆಸಿದ ಅಕ್ಕಿ ಅರೆದ ಬಿಳಿ, ಹುರಿದು ಕರಕಾದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಕುಂಚ ಎಂದರೆ ಪುಂಡಿ ನಾರು. ನಿಲಿ, ಬಾಸಿಂಗ, ಜೋಗಿಜಡೆ ಹೀಗೆ ಒಂದೊಂದು ಎಳೆಗೂ ಹೆಸರಿದೆ. ಬರೆಯುವವರು ಅಳತೆಪಟ್ಟಿ ಮುಟ್ಟುವುದಿಲ್ಲ, ಆದರೂ ಗೆರೆ ಓರೆಯಾಗುವುದಿಲ್ಲ.

ಆದರೆ ಮದುವೆ ಮನೆಗೆ ಕರೆಯಿಲ್ಲದೆ ಹೋಗುವುದು ಹೇಗೆ? ಆದ್ದರಿಂದ ಭೂಮಿ ಹುಣ್ಣಿಮೆಗೆ ಬನ್ನಿ. ಆಶ್ವಯುಜದ ಹುಣ್ಣಿಮೆ ಅದು. ಗದ್ದೆಯಲ್ಲಿ ಭತ್ತ ಹೊಡೆಯಾಗಿರುವ ಕಾಲ, ಅಂದರೆ ಭೂಮಿತಾಯಿ ಬಸುರಿ. ಅವಳ ಬಯಕೆ ತೀರಿಸುವ ಹಬ್ಬ. ಅದಕ್ಕೆಂದೇ ಬೂಮಣ್ಣಿ ಬುಟ್ಟಿ ತಯಾರಾಗುತ್ತದೆ. ಬಿದಿರ ಬುಟ್ಟಿಗೆ ಸಗಣಿ ಬಳಿದು, ಕೆಮ್ಮಣ್ಣು ಬಳಿದು, ಒಣಗಿದ ಮೇಲೆ ಅಕ್ಕಿ ಹಿಟ್ಟಿನಲ್ಲಿ ಚಿತ್ತಾರ. ದೊಡ್ಡದೊಂದು, ಚಿಕ್ಕದೊಂದು. ನಮ್ಮ ತೋಟದಾಚೆಯ ಮನೆಯ ಅಮ್ಮ ಈ ಬುಟ್ಟಿ ಬರೆಯುವಾಗ ಚಿಕ್ಕವಳಾದ ನಾನು ಪಕ್ಕದಲ್ಲಿ ಕೂತು ಬಟ್ಟಲು ಹಿಡಿಯುತ್ತಿದ್ದೆ. ಒಂದು ಗೆರೆ ಬರೆಯುವಷ್ಟು ಹೊತ್ತು ಅವರು ಉಸಿರು ಬಿಗಿಹಿಡಿಯುತ್ತಿದ್ದರು. ಗೊತ್ತಿಲ್ಲದೆ ನಾನೂ ಹಿಡಿಯುತ್ತಿದ್ದೆ.

ರಾತ್ರಿಯಿಡೀ ಅಡುಗೆ. ಕಡುಬು, ಅಮಟೆಕಾಯಿ, ಹತ್ತಾರು ಬಗೆಯ ಕಾಡು ಸೊಪ್ಪು ಬೆರೆಸಿ ಬೇಯಿಸಿದ ಚರಗ. ಬೆಳಕು ಹರಿಯುವ ಮುಂಚೆ ಬುಟ್ಟಿ ತಲೆಯ ಮೇಲಿಟ್ಟು ಗದ್ದೆಗೆ ಹೋಗಿ, ಹಚ್ಚಂಬಲಿ ಹಾಲಂಬಲಿ ಎಂದು ಕೂಗುತ್ತ ಚರಗ ಬೀರುತ್ತಾರೆ. ಕಾಗೆಗೂ ಇಲಿಗೂ ಪಾಲಿದೆ. ಮನೆಯವರು ಉಣ್ಣುವುದು ಆಮೇಲೆ, ಗದ್ದೆಯ ಬದಿಯಲ್ಲೇ.

ಹಬ್ಬಕ್ಕೆ ನಾಲ್ಕು ದಿನ ಮುಂಚೆಯೇ ಸಾಗರಕ್ಕೆ ಬನ್ನಿ, ಬುಟ್ಟಿ ಬರೆಯುವುದು ಆಗ. ಸಾಗರದಲ್ಲಿ ಹಸೆ ಕಲಾವಿದರ ಮನೆ ಕೇಳಿದರೆ ಯಾರಾದರೂ ತೋರಿಸುತ್ತಾರೆ. ಫೋಟೊ ತೆಗೆಯುವ ಮುಂಚೆ ಕೇಳಿ, ಕೊಳ್ಳುವುದಾದರೆ ಚೌಕಾಸಿ ಮಾಡಬೇಡಿ. ಒಂದು ಬುಟ್ಟಿಗೆ ದಿನಗಟ್ಟಲೆ ಕೆಲಸವಿದೆ. ನಡುವೆ ಬಿಡುವಿದ್ದರೆ ಹೆಗ್ಗೋಡಿಗೆ ಹೋಗಿ ಬನ್ನಿ. 1949ರಿಂದ ಆ ಸಣ್ಣ ಊರಿನಲ್ಲಿ ನೀನಾಸಮ್ ನಾಟಕ ಆಡುತ್ತ, ಆಡಿಸುತ್ತ ಬಂದಿದೆ.

ಹುಣ್ಣಿಮೆಯ ನಸುಕಿನಲ್ಲಿ ನಾಲ್ಕಕ್ಕೇ ಎದ್ದಿರಬೇಕು. ಟಾರ್ಚಿನ ಬೆಳಕು ಕಾಲಬುಡಕ್ಕೆ ಬಿಡಿ, ಬುಟ್ಟಿ ಹೊತ್ತವರ ಮುಖಕ್ಕೆ ಬೇಡ. ಗದ್ದೆಯ ಅಂಚು ಜಾರುತ್ತದೆ, ಚಪ್ಪಲಿಯನ್ನು ಬೇಲಿಯ ದಣಪೆಯ ಹತ್ತಿರವೇ ಬಿಟ್ಟು ಅವರ ಹಿಂದೆ ನಡೆಯಿರಿ.